ಹೊಳಬಸಪ್ಪ ಓದಿದ ಮದುವೆಯ ಕ್ಯಾಸೆಟ್ಟು

ಹೊಳಬಸಪ್ಪನನ್ನು ಯಾರಾದರೂ ಕಿವುಡ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿವಿ ಕೇಳುವುದಿಲ್ಲ, ಅದು ಖರೆ. ಆದರೆ ಬನಹಟ್ಟಿಯಲ್ಲಿ ಅವನಿಗೆ ತಿಳಿಯದ ಮಾತು ಯಾವುದಿದೆ ಹೇಳಿ! ರಸ್ತೆಯ ಆ ಬದಿಗೆ ನಿಂತು ನೀವು ಪಿಸುಗುಟ್ಟಿದರೂ ಈ ಬದಿಯ ಕಟ್ಟೆಯ ಮೇಲೆ ಕುಳಿತವನಿಗೆ ಗೊತ್ತಾಗುತ್ತದೆ. ತುಟಿ ಕಂಡರೆ ಸಾಕು, ಓದಿಬಿಡುತ್ತಾನೆ.

ಇದು ದೇವರು ಕೊಟ್ಟ ವರವಲ್ಲ, ಮಗ್ಗ ಕೊಟ್ಟದ್ದು. ಹದಿನಾಲ್ಕಕ್ಕೆ ಅಪ್ಪನ ಕೈಮಗ್ಗದಲ್ಲಿ ಕುಳಿತವನು ಇಪ್ಪತ್ತಕ್ಕೆ ಪಾವರ್‌ಲೂಮಿಗೆ ಬಂದ. ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ಕೂಗುವುದಿಲ್ಲ. ದನಿ ಬಿಟ್ಟು ಬರೀ ಬಾಯಿ ಆಡಿಸುತ್ತಾರೆ. ಎಳೆ ಹರಿದದ್ದು, ಚಹಾ ಬಂದದ್ದು, ಮಾಲಕನನ್ನು ಬೈದದ್ದು, ಎಲ್ಲ ತುಟಿಯಲ್ಲೇ. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಲು ಬರುತ್ತಿದ್ದ, ಆಮೇಲೆ ಅವನ ಹೆಂಡತಿಯಾದ ಲಕ್ಷ್ಮವ್ವನನ್ನು ಇವನು ನಾಲ್ಕು ಮಗ್ಗದ ಆಚೆಯಿಂದ "ನನ್ನ ಮಾಡಿಕೊಂತಿ ಏನ?" ಎಂದು ಕೇಳಿದ್ದೂ ಹಾಗೆಯೇ. ಅವಳ ಅಪ್ಪ ನಡುವೆಯೇ ನಿಂತು ಎಳೆ ಗಂಟು ಹಾಕುತ್ತಿದ್ದ. ಬೆನ್ನು ಈ ಕಡೆ ಇತ್ತು, ಪಾಪ, ಅವನಿಗೆ ಏನೂ ತಿಳಿಯಲಿಲ್ಲ.

ನಲವತ್ತೈದು ದಾಟುವ ಹೊತ್ತಿಗೆ ಅವನ ಎರಡೂ ಕಿವಿ ಹೋದವು. ಮಗ ಮಲ್ಲಿನಾಥ ದೊಡ್ಡ ಊರಿನ ಡಾಕ್ಟರರ ಕಡೆ ಕರೆದುಕೊಂಡು ಹೋದ. ಇವನನ್ನು ಗಾಜಿನ ಖೋಲಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಡಾಕ್ಟರು ಹೊರಗೆ ನಿಂತು ಮಲ್ಲಿನಾಥನಿಗೆ, "ಮಷಿನ್ ಹಾಕಿದರೂ ಅಷ್ಟೇನೂ ಉಪಯೋಗ ಆಗಲಿಕ್ಕಿಲ್ಲ, ಸಮಾಧಾನಕ್ಕೆ ಬೇಕಾದರೆ ಬರೆದುಕೊಡುತ್ತೇನೆ" ಅಂದರಂತೆ. ಗಾಜಿನ ಒಳಗಿನಿಂದಲೇ ಇವನು, "ಸಮಾಧಾನ ಐತ್ರಿ ಸಾಹೇಬರ, ಬರಿಯಾಕ ಹೋಗಬ್ಯಾಡ್ರಿ!" ಎಂದು ಮಗ್ಗದವರ ದನಿಯಲ್ಲಿ ಕೂಗಿದ. ಇಡೀ ದವಾಖಾನೆ ತಿರುಗಿ ನೋಡಿತಂತೆ.

ಇಂಥ ವಿದ್ಯೆ ನನಗಿದ್ದಿದ್ದರೆ ಊರಿನ ಅರ್ಧ ಜನರ ಮಾನ ಕಳೆಯುತ್ತಿದ್ದೆ. ಅವನು ಹಾಗಲ್ಲ. ನೋಡಿದ್ದಕ್ಕೆ ಒಂದು ಅಕ್ಷರ ಕೂಡಿಸುವುದಿಲ್ಲ, ಒಂದು ಅಕ್ಷರ ಕಳೆಯುವುದಿಲ್ಲ. "ಅವರಿಬ್ಬರು ಏನಂದರೋ?" ಎಂದು ಕೆದಕಿದರೆ, "ಅರ್ಧಾ ನೋಡೇನಿ. ಅರ್ಧಾ ನೋಡಿದ ಮಾತ ನಾ ಹೇಳಂಗಿಲ್ಲ" ಅನ್ನುತ್ತಾನೆ. ಇದಕ್ಕಾಗಿ ನಾನು ಅವನ ಮೇಲೆ ಎಷ್ಟು ಸಲ ಹರಿಹಾಯ್ದಿದ್ದೇನೋ ಲೆಕ್ಕವಿಲ್ಲ.

ನಾನು ಸೋಮಲಿಂಗ. ರಬಕವಿಯಲ್ಲಿ ಸೀರೆ ಅಂಗಡಿ. ಸಿಟ್ಟು ನಮ್ಮ ಮನೆತನದ್ದು, ನಮ್ಮಪ್ಪನಿಗೆ ನನಗಿಂತ ಎರಡು ಪಟ್ಟು ಇತ್ತು. ಸಿಟ್ಟಿನವರ ಮನಸ್ಸು ಹಾಲಿನಂಥದ್ದು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಮ್ಮ ಮೂರನೆಯ ಗೆಳೆಯ ಮಲಕಾಜಪ್ಪ ಬೀಳಗಿಯವನು, ಬಾಗಲಕೋಟೆ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ಈಗ ಮಗಳ ಮನೆಯಲ್ಲಿ, ಇಲ್ಲೇ ಬನಹಟ್ಟಿಯಲ್ಲಿ ಇದ್ದಾನೆ. ಮೂವರೂ ಅರವತ್ತರ ಆಸುಪಾಸು.

ಸಿನೆಮಾ ನೋಡುವ ಹುಚ್ಚು ಶುರುವಾದದ್ದು ಹೋದ ದೀಪಾವಳಿಗೆ. ಸುಣ್ಣ ಹಚ್ಚಲು ಅಟ್ಟದ ಮೇಲಿನ ಸಾಮಾನು ಇಳಿಸುವಾಗ ನನ್ನ ಹೆಂಡತಿ ರಾಜಶ್ರೀ ಒಂದು ಟ್ರಂಕು ಎಳೆದು ಅಂಗಳದಲ್ಲಿ ಇಟ್ಟಳು. ಒಳಗೆ ಸಿನೆಮಾ ಸೀಡಿಗಳು. ಎಣಿಸಿದರೆ ಎಪ್ಪತ್ತೊಂದು. ಒಂದು ಕಾಲಕ್ಕೆ ಜಮಖಂಡಿ ಬಸ್ ನಿಲ್ದಾಣದಲ್ಲಿ ರಾಶಿ ಹಾಕಿ ಮಾರುತ್ತಿದ್ದರಲ್ಲ, ಆಗ ಕೊಂಡದ್ದು. ಹೋದಾಗೊಮ್ಮೆ ಎರಡು ತರುತ್ತಿದ್ದೆ. ನೋಡಿದ್ದು ಹತ್ತೋ ಹನ್ನೆರಡೋ. ಉಳಿದವುಗಳ ಪ್ಲಾಸ್ಟಿಕ್ಕನ್ನೂ ಹರಿದಿರಲಿಲ್ಲ.

"ನೋಡಿದರ ನೋಡ್ರಿ, ಇಲ್ಲಾಂದ್ರ ಗುಜರಿಯವಗ ಹಾಕತೇನಿ" ಅಂದಳು.

ಇದನ್ನು ಮಲಕಾಜಪ್ಪನಿಗೆ ಹೇಳಿದರೆ ಅವನು ನಕ್ಕು, ತನ್ನ ಹಳೆಯ ಕಂಡಕ್ಟರ್ ಪೆಟ್ಟಿಗೆಯನ್ನೇ ಹೊತ್ತು ತಂದ. ಅದರ ತುಂಬ ಅವನ ಸೀಡಿಗಳು. ಬಸ್ಸು ನಿಂತ ಊರಿಗೊಂದರಂತೆ ಕೊಂಡು, ಡ್ಯೂಟಿ ಮುಗಿಸಿ ಮನೆಗೆ ಬಂದರೆ ನಿದ್ದೆ, ಮತ್ತೆ ಬಸ್ಸು. ಅವನೂ ನೋಡಿರಲಿಲ್ಲ. ಮಗಳ ಮನೆಯ ಹಳೆಯ ಪ್ಲೇಯರನ್ನು ರಿಪೇರಿ ಮಾಡಿಸಿಕೊಂಡು ಬಂದ. ಅವತ್ತಿನಿಂದ ನಮ್ಮ ಪಡಸಾಲೆಯಲ್ಲಿ ಪ್ರತಿ ರವಿವಾರ ಮಧ್ಯಾಹ್ನ ಒಂದು ಸಿನೆಮಾ. ಕರಾರು ಒಂದೇ: ಎಷ್ಟೇ ಕೆಟ್ಟದಿದ್ದರೂ ಪೂರ್ತಿ ನೋಡಬೇಕು.

ಅಯ್ಯಯ್ಯ, ಏನು ಸಿನೆಮಾಗಳು ಅವು! ಕೆಲವನ್ನು ಕೊಂಡಾಗ ನನ್ನ ತಲೆ ಎಲ್ಲಿತ್ತೋ. ಒಂದರಲ್ಲಿ ಹೀರೋ ಮೂರು ಸಲ ಸತ್ತು ಮೂರು ಸಲವೂ ಎದ್ದು ಬಂದ. ಮಲಕಾಜಪ್ಪನಿಗೆ ಅದೇ ಬಹಳ ಹಿಡಿಸಿತು. ಆದರೆ ನಮಗೆ ನಿಜವಾದ ಸಿನೆಮಾ ಎಂದರೆ ಹೊಳಬಸಪ್ಪ. ಡಬ್ಬಿಂಗ್ ಸಿನೆಮಾ ಹಾಕಿದ ದಿನ ಹತ್ತು ನಿಮಿಷಕ್ಕೇ ಅವನು ಚಡಪಡಿಸಿ ಎದ್ದು ನಿಂತ.

"ಈ ಮಂದಿ ಭಾಷಾನ ನನಗ ತಿಳಿವಲ್ದು. ನಿಮಗ ಹೆಂಗ ತಿಳಿಯಾಕತ್ತೈತಿ?"

"ಕನ್ನಡಾನ ಮಾತಾಡಾಕತ್ತಾರಲ್ಲೋ!" ಎಂದ ಮಲಕಾಜಪ್ಪ.

"ಸುಳ್ಳ. ಅವರ ಬಾಯಿ ಕನ್ನಡ ಆಡವಲ್ದು. ಯಾರೋ ನಿಮಗ ಮೋಸ ಮಾಡಾಕತ್ತಾರ" ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟ.

ಕನ್ನಡದ ಸಿನೆಮಾ ಬಂದರೆ ಮಾತ್ರ ಅವನ ರಾಜ್ಯ. ಹೀರೋ ಹೀರೋಯಿನ್ನರನ್ನು ಅವನು ನೋಡುವುದೇ ಇಲ್ಲ. ಹಿಂದೆ ಗುಂಪಿನಲ್ಲಿ ನಿಂತವರನ್ನು ನೋಡುತ್ತಾನೆ. ಒಂದು ಸಿನೆಮಾದಲ್ಲಿ ಮದುವೆಯ ದೃಶ್ಯ. ಮುಂದೆ ತಾಯಿ ಪಾತ್ರದವಳು ಗೋಳಾಡುತ್ತಿದ್ದಾಳೆ, ನಾನೂ ಕಣ್ಣು ಒರೆಸಿಕೊಳ್ಳುತ್ತಿದ್ದೇನೆ, ಇವನು ಹೋ ಎಂದು ನಗಲು ಶುರುಮಾಡಿದ. ಹಿಂದೆ ಕುಳಿತ ಇಬ್ಬರು ಹೆಂಗಸರು, "ಊಟ ಎಷ್ಟೊತ್ತಿಗೆ ಕೊಡುತ್ತಾರಂತೆ?" "ಬೆಳಗ್ಗೆಯಿಂದ ಕೂರಿಸಿದ್ದಾರೆ, ಚಹಾ ಸಹ ಇಲ್ಲ" ಎಂದು ಮಾತಾಡಿಕೊಳ್ಳುತ್ತಿದ್ದರಂತೆ. ನಾವು ಆ ತುಣುಕನ್ನೇ ನಾಲ್ಕು ಸಲ ಹಾಕಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆ ನಗೆಯ ನಡುವೆಯೇ ಮಲಕಾಜಪ್ಪ ಬಾಯಿಬಿಟ್ಟ. "ಲೇ ಸೋಮ್ಯಾ, ನಿನ್ನ ಲಗ್ನದ್ದ ವಿಡಿಯೋ ಕ್ಯಾಸೆಟ್ಟ ಐತಲ್ಲ? ಅದನ್ನ ಹಾಕು. ನಮ್ಮ ಮಂದಿ ಏನೇನ ಮಾತಾಡ್ಯಾರ ಇಂವ ಹೇಳತಾನ."

ನನ್ನ ನಗೆ ಅಲ್ಲೇ ನಿಂತಿತು. "ಅದರ ಹೆಸರ ಎತ್ತಬ್ಯಾಡ" ಅಂದೆ. ಅವನು, "ಯಾಕಲೇ, ಏನಾಗತೈತಿ?" ಅಂದ. ನಾನು ಕೈಯಲ್ಲಿದ್ದ ರಿಮೋಟನ್ನು ಗೋಡೆಗೆ ಒಗೆದೆ. ಬ್ಯಾಟರಿಗಳು ಉರುಳಿ ಸೋಫಾದ ಕೆಳಗೆ ಹೋದವು. ರಾಜಶ್ರೀ ಒಳಗಿನಿಂದ ಬಂದು, ಏನೂ ಕೇಳದೆ, ಬಗ್ಗಿ ಬ್ಯಾಟರಿಗಳನ್ನು ಹುಡುಕಿ ಕೊಟ್ಟಳು.

ಹೇಳಿಬಿಡುತ್ತೇನೆ. ನನ್ನ ಅವ್ವ ಯಲ್ಲವ್ವ. ತನ್ನ ಅಣ್ಣನ ಮಗಳನ್ನು ನಾನು ಮಾಡಿಕೊಳ್ಳಬೇಕು ಎಂಬುದು ಅವಳ ಆಸೆ. ನಮ್ಮ ಕಡೆ ಅದು ಹುಟ್ಟಿದಾಗಲೇ ನಿಶ್ಚಯವಾದ ಹಾಗೆ. ಬೀಳಗಿಯಲ್ಲಿ ಮಾತುಕತೆಗೆ ಕುಳಿತ ದಿನ ಮಾವ ಒಂದು ಮಾತು ಅಂದ, ನಾನು ಉಣ್ಣುತ್ತಿದ್ದ ತಾಟನ್ನು ಎತ್ತಿ ಅಂಗಳಕ್ಕೆ ಒಗೆದು ಎದ್ದು ಬಂದೆ. ಆರು ತಿಂಗಳೊಳಗೆ ಮುಧೋಳದ ರಾಜಶ್ರೀಯನ್ನು ನಾನೇ ನೋಡಿ ಒಪ್ಪಿದೆ. ಮದುವೆಗೆ ಅವ್ವ ಬಂದಳು. ಆದರೆ ಎಲ್ಲರೂ ಎದ್ದು ಅಕ್ಕಿಕಾಳು, ಅಂದರೆ ಅಕ್ಷತೆ, ಹಾಕಿ ಹರಸುವಾಗ ಅವಳು ಏಳಲಿಲ್ಲ. ಹಿಂದಿನ ಸಾಲಿನಲ್ಲಿ, ನನ್ನ ಚಿಗವ್ವ ಭಾಗವ್ವನ ಪಕ್ಕದಲ್ಲಿ ಕುಳಿತೇ ಇದ್ದಳು. ಮದುವೆ ಮುಗಿದ ಮೇಲೆ ಸೀದಾ ಅಣ್ಣನ ಮನೆಗೆ ಬೀಳಗಿಗೆ ಹೋದಳು. ನಾಲ್ಕು ತಿಂಗಳಿಗೆ ಅಲ್ಲೇ ತೀರಿಕೊಂಡಳು. ನಾನು ಕರೆಯಲು ಹೋಗಲಿಲ್ಲ, ಅವಳು ಬರಲಿಲ್ಲ. ಇಪ್ಪತ್ತೇಳು ವರ್ಷವಾಯಿತು.

ಸೊಸೆ ಬೇಡವಾಗಿದ್ದಳು, ಅದಕ್ಕೇ ಹರಸಲಿಲ್ಲ ಎಂದು ನಾನು ತಿಳಿದೆ. ರಾಜಶ್ರೀಯೂ ಹಾಗೆಯೇ ತಿಳಿದಳು. ಮನೆಯಲ್ಲಿ ಏನು ಕೆಟ್ಟದ್ದಾದರೂ, ಮೊದಲನೆಯ ಕೂಸು ಉಳಿಯದೆ ಹೋದಾಗಲೂ, "ಅತ್ತಿ ಮನಸ್ಸಿನಾಗ ನಾ ಇರಲಿಲ್ಲಲ್ರಿ" ಎಂದು ಅಂದುಕೊಂಡು ಅತ್ತಳು. ಆ ಕ್ಯಾಸೆಟ್ಟನ್ನು ನಾವು ಒಂದು ಸಲವೂ ಹಾಕಿರಲಿಲ್ಲ. ಭಾಗವ್ವ ಚಿಗವ್ವನನ್ನು ಕೇಳಬಹುದಿತ್ತು. ನಾನು ಕೇಳಲಿಲ್ಲ. ಅವಳೂ ಹೋಗಿ ಆರು ವರ್ಷ ಆಯಿತು.

ರಿಮೋಟು ಒಗೆದ ದಿನದಿಂದ ಒಂದು ತಿಂಗಳು ಕಳೆದಿರಬೇಕು. ರವಿವಾರ ಮೂವರೂ ಕುಳಿತಿದ್ದೇವೆ, ಮಲಕಾಜಪ್ಪ ಕಿಸೆಯಿಂದ ಒಂದು ಪೆನ್‌ಡ್ರೈವ್ ತೆಗೆದ. ನನ್ನ ಮುಖ ನೋಡುತ್ತಿಲ್ಲ. ರಾಜಶ್ರೀ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ.

"ನಮ್ಮ ಲಗ್ನದ ಕ್ಯಾಸೆಟ್ಟ ನಾನ ಕೊಟ್ಟ ಕಳಿಸಿದ್ದೆ ಈ ಅಣ್ಣಾರ ಕಡೆ. ಜಮಖಂಡಿ ಸ್ಟುಡಿಯೋದಾಗ ಕ್ಯಾಸೆಟ್ಟಿನಿಂದ ಇದರಾಗ ಹಾಕಿಸಿಕೊಂಡು ಬಂದಾರ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನನ್ನು ಕೇಳದೆ! ನನ್ನ ಮದುವೆಯ ಕ್ಯಾಸೆಟ್ಟು! ಏನೇನೋ ಕೂಗಿದೆ. ಅವಳು ಮುಗಿಯುವವರೆಗೆ ಕಾದಳು. ಆಮೇಲೆ ಅಂದಳು: "ನನ್ನ ಲಗ್ನಾನೂ ಹೌದಲ್ರಿ ಅದು. ಅತ್ತಿ ಅವತ್ತ ನನ್ನ ಬಗ್ಗೆ ಏನಂದರು ಅಂತ ನನಗ ಗೊತ್ತಾಗಬೇಕು. ಕೆಟ್ಟದ್ದಿದ್ದರ ಕೆಟ್ಟದ್ದು. ಗೊತ್ತಾದರ ಸಾಕು."

ಮಲಕಾಜಪ್ಪನ ಕೈಯಿಂದ ಪೆನ್‌ಡ್ರೈವ್ ತೆಗೆದುಕೊಂಡು ಟಿವಿಗೆ ಹಾಕಿದೆ. ಕುಳಿತೆ.

ಆ ಕಾಲದ ಮದುವೆ ವಿಡಿಯೋ ನಿಮಗೆ ಗೊತ್ತಲ್ಲ. ಗುಲಾಬಿ ಹೂವಿನ ನಡುವೆ ಮದುಮಗಳ ಮುಖ, ಬಾಣ ಚುಚ್ಚಿದ ಹೃದಯದಲ್ಲಿ ನನ್ನ ಮುಖ, ನನಗೆ ತಲೆತುಂಬ ಕೂದಲು! ಮೊದಲಿನಿಂದ ಕೊನೆಯವರೆಗೆ ಸಿನೆಮಾ ಹಾಡು ಕೂಡಿಸಿಬಿಟ್ಟಿದ್ದಾರೆ. ಮಾತಾಡಿದವರ ಒಂದು ಮಾತೂ ಉಳಿದಿಲ್ಲ. ಪುಣ್ಯಾತ್ಮ ವಿಡಿಯೋದವನು ಹಾಡು ಕೂಡಿಸಿ ಕಳೆದದ್ದನ್ನು ಓದಲು ಈ ಭೂಮಿಯ ಮೇಲೆ ನಮಗಿದ್ದವನು ಒಬ್ಬ ಹೊಳಬಸಪ್ಪ. ನಾನು ಹಾಡಿನ ಸದ್ದು ತೆಗೆದೆ.

ವಿಡಿಯೋದವನು ಪ್ರಖರ ದೀಪ ಹಿಡಿದು ಹೆಂಗಸರ ಸಾಲಿನ ಮೇಲೆ ನಿಧಾನವಾಗಿ ಕ್ಯಾಮೆರಾ ಹಾಯಿಸಿದ್ದ. ಹೊಳಬಸಪ್ಪ ಟಿವಿಯ ಮುಂದೆ ನೆಲದ ಮೇಲೆ ಹೋಗಿ ಕುಳಿತ. ಅಕ್ಕಿಕಾಳು ಬಿದ್ದವು. ಎಲ್ಲರೂ ಎದ್ದರು. ಹಿಂದಿನ ಸಾಲಿನಲ್ಲಿ ಕುಳಿತೇ ಇದ್ದಾಳೆ ಅವ್ವ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಇಷ್ಟು ವರ್ಷದ ಮೇಲೆ ಅವಳ ಮುಖ ನೋಡಿದೆ. ಅವ್ವ ಭಾಗವ್ವನ ಕಡೆ ವಾಲಿ ಏನೋ ಅಂದಳು. ಭಾಗವ್ವ ಏನೋ ಅಂದಳು. ಅವ್ವ ತಲೆ ಅಲ್ಲಾಡಿಸಿ ಮತ್ತೇನೋ ಅಂದಳು. ಕ್ಯಾಮೆರಾ ಮುಂದೆ ಹೋಯಿತು.

"ಇನ್ನೊಮ್ಮೆ" ಎಂದ ಹೊಳಬಸಪ್ಪ.

ಹಾಕಿದೆ.

"ಇನ್ನೊಮ್ಮೆ."

ಮೂರನೆಯ ಸಲ ಮುಗಿದ ಮೇಲೆ ಅವನು ಸುಮ್ಮನೆ ಕುಳಿತ. ತಿಳಿಯದೆ ಸುಮ್ಮನಿರುವುದಕ್ಕೂ ತಿಳಿದು ಸುಮ್ಮನಿರುವುದಕ್ಕೂ ವ್ಯತ್ಯಾಸ ನನಗೆ ಗೊತ್ತಾಗುತ್ತದೆ, ನಲವತ್ತು ವರ್ಷದ ಗೆಳೆಯ.

ಅವನ ಮುಂದೆ ಹೋಗಿ ಕುಳಿತು, "ಏನಂದಳು ಹೇಳಲೇ" ಅಂದೆ.

ಅವನು ನನ್ನ ತುಟಿ ಓದಿ ರಾಜಶ್ರೀಯ ಕಡೆ ನೋಡಿದ. "ಸೋಮ್ಯಾ, ನೀ ಸಿಟ್ಟಿಗೆ ಬರತಿ."

"ಬರಂಗಿಲ್ಲ!" ಎಂದು ಚೀರಿದೆ. ಮಲಕಾಜಪ್ಪ ಕುಳಿತಲ್ಲೇ ಬೆಚ್ಚಿದ.

"ಹೇಳ್ರಿ ಅಣ್ಣಾರ. ಏನಿದ್ದರೂ ಇರಲಿ" ಎಂದಳು ರಾಜಶ್ರೀ.

ಹೊಳಬಸಪ್ಪ ಗಂಟಲು ಸರಿ ಮಾಡಿಕೊಂಡ. ಅವನು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಯಲ್ಲವ್ವ ಅತ್ತಿ ಮೊದಲಿಗೆ ಅಂದದ್ದು: 'ನಮ್ಮ ಅಣ್ಣನ ಮಗಳ ಪಾರಾದಳು. ಈ ಕೂಸ ಸಿಕ್ಕೊಂತು.' ಭಾಗವ್ವ ಅಂದಳು: 'ಎಲ್ಲಾರೂ ನೋಡಾಕತ್ತಾರ, ಎದ್ದ ಅಕ್ಕಿಕಾಳರ ಹಾಕವಾ.' ಅದಕ್ಕ ಅತ್ತಿ..." ಅವನು ನಿಂತ. ಒಂದು ಅಕ್ಷರ ಕಳೆದು ಹೇಳಬಹುದೇನೋ ಎಂದು ನೋಡಿದ ಅನ್ನಿಸುತ್ತದೆ. ಅದು ಅವನಿಂದ ಆಗಲಿಲ್ಲ. "'ಏನಂತ ಹಾಕಲಿ? ಇವರಪ್ಪನ ಸಿಟ್ಟಿನಾಗ ನಾ ಮೂವತ್ತ ವರ್ಷ ಬಾಳೇ ಮಾಡೇನಿ. ಇಂವ ಅವನಕಿಂತ ಹೆಚ್ಚಿನಾಂವ. ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೈಲೆ ಆ ಹುಡುಗಿನ್ನ ನೂಕಲೇನ? ಪಾಪ, ಹೆಂಗ ತಡಕೊಂತೈತೋ.' ಇಷ್ಟ. ಇದರ ಮ್ಯಾಲ ಒಂದ ಅಕ್ಷರ ಇಲ್ಲ."

ಮಲಕಾಜಪ್ಪ ತನ್ನ ಕಾಲುಬೆರಳು ನೋಡುತ್ತ ಕುಳಿತ.

ರಾಜಶ್ರೀ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಎದ್ದು ಹೋಗಿ, "ಅತ್ತು ಏನ ಉಪಯೋಗ, ಮುಗದ ಮಾತ" ಎಂದು ಏನೋ ಅನ್ನಲು ಹೊರಟೆ. ಅವಳು ಕೈ ಎತ್ತಿ ತಡೆದಳು.

"ನನ್ನ ಸಲುವಾಗಿ ಕುಂತಿದ್ದರು" ಅಂದಳು. "ನಾ ಬ್ಯಾಡಂತ ಅಲ್ಲ. ನನ್ನ ಸಲುವಾಗಿ. ಇಪ್ಪತ್ತೇಳ ವರ್ಷದಾಗ ಹೆಂಗ ತಡಕೊಂಡಿ ಅಂತ ನನ್ನ ಯಾರೂ ಕೇಳಿಲ್ಲ. ನಮ್ಮವ್ವ ಕೇಳಿಲ್ಲ, ನಾ ಹಡದ ಮಕ್ಕಳ ಕೇಳಿಲ್ಲ. ಅವರು ಮೊದಲನೇ ದಿನಾನ ಕೇಳ್ಯಾರ."

ನಾನು ನಿಂತೇ ಇದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಏನೆಂದು ನನಗೆ ಇವತ್ತಿಗೂ ಹೆಸರು ಹೇಳಲು ಬರುವುದಿಲ್ಲ. ನನ್ನ ಅವ್ವ ನನ್ನಿಂದ ಓಡಿಹೋಗಿದ್ದಳು. ನನ್ನ ಹೆಂಡತಿಯಿಂದಲ್ಲ, ನನ್ನಿಂದ. ಇಷ್ಟು ವರ್ಷ ಆ ತಪ್ಪನ್ನು ನಾನು ಒಬ್ಬ ಹೆಂಗಸಿನ ತಲೆಯ ಮೇಲೆ ಹೊರಿಸಿ, ಅವಳು ಅದನ್ನು ಹೊತ್ತು ಅಳುವುದನ್ನು ನೋಡುತ್ತ ಕುಳಿತಿದ್ದೆ. ಹಾಲಿನಂಥ ಮನಸ್ಸಂತೆ!

ಆಗ ರಾಜಶ್ರೀ ಹೊಳಬಸಪ್ಪನ ಕಡೆ ತಿರುಗಿದಳು. ದನಿ ಇಲ್ಲದೆ, ಬರೀ ತುಟಿ ಆಡಿಸಿ ಏನೋ ಹೇಳಿದಳು. ಅವನ ಜೊತೆ ನಮ್ಮ ಓಣಿಯ ಹೆಂಗಸರು ಮಾತಾಡುವುದೇ ಹಾಗೆ. ಸ್ವಲ್ಪ ಹೊತ್ತೇ ಹೇಳಿದಳು. ಅವನು ತಲೆ ಅಲ್ಲಾಡಿಸಿದ. ಅವನ ಕಣ್ಣು ತುಂಬಿದ್ದವು. ನಾನು ಹುಟ್ಟಿದ್ದು ನೇಕಾರರ ಊರಿನಲ್ಲಾದರೂ ಬೆಳೆದದ್ದು ಅಂಗಡಿಯ ಗಾದಿಯ ಮೇಲೆ. ನನಗೆ ಒಂದು ಅಕ್ಷರ ತಿಳಿಯಲಿಲ್ಲ.

"ಏನಂದಳು?" ಎಂದು ಕೇಳಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಅವನ ಹೆಗಲು ಹಿಡಿದು ತಿರುಗಿಸಿ, ನನ್ನ ತುಟಿ ಕಾಣುವಂತೆ ಮತ್ತೆ ಕೇಳಿದೆ. "ಏನಂದಳೋ ಹೊಳಬಸ್ಯಾ? ಹೇಳೋ, ನಿನ್ನ ಕಾಲಿಗೆ ಬೀಳತೇನಿ."

"ನಿಮ್ಮವ್ವ ಸತ್ತಾಳ, ಅದಕ್ಕ ನಾ ಓದಿ ಹೇಳಿದೆ" ಅಂದ. "ಇಕಿ ಜೀವಂತ ಇಲ್ಲೇ ಕುಂತಾಳ. ನನಗ ಕಿವಿ ಇಲ್ಲ. ನಿನಗ ಎರಡ ಅದಾವ. ಅಕಿನ್ನ ಕೇಳು."

ನಾನು ಟಿವಿ ಬಂದ್ ಮಾಡಿದೆ. ಹೊಸ್ತಿಲ ಹತ್ತಿರ ಹೋಗಿ ಅವಳ ಎದುರಿಗೆ ನೆಲದ ಮೇಲೆ ಕುಳಿತೆ. ಮೊಣಕಾಲು ನೋಯಿತು. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ, ಅವ್ವ ಕೇಳಿದ್ದನ್ನೇ ಕೇಳಿದೆ.

"ಹೆಂಗ ತಡಕೊಂಡಿ?"

ರಾಜಶ್ರೀ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, "ನಡುವ ಬಾಯಿ ಹಾಕಬಾರದು ನೋಡ್ರಿ ಮತ್ತ" ಅಂದಳು. ಹಾಕುವುದಿಲ್ಲ ಅಂದೆ. ಮಲಕಾಜಪ್ಪ ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಹೊಳಬಸಪ್ಪ ಮಾತ್ರ ಕುಳಿತಲ್ಲೇ ಹೊರಳಿ ನಮಗೆ ಬೆನ್ನು ಮಾಡಿದ. ಅವನ ಪಾಲಿಗೆ ಕಿವಿ ಮುಚ್ಚಿಕೊಳ್ಳುವುದೆಂದರೆ ಅದೇ. ಅವಳು ಮೊದಲನೆಯ ವರ್ಷದಿಂದ ಶುರುಮಾಡಿದಳು.